ಅಜ್ಜಿಯ ಕುಂಕುಮ ಎಲ್ಲಿ ಹೋಯಿತು? ಬಣ್ಣದ ಫೋಟೋವನ್ನು ಕಪ್ಪು-ಬಿಳುಪು ಮಾಡುವ ಕ್ರಮ

ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರಿದ್ದಾರೆ. ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಅಲ್ಲಿ ಒಂದು ಸುತ್ತು ಹಾಕುವುದು ನನ್ನ ರೂಢಿ. ಎರಡು ವರ್ಷದ ಹಿಂದೆ ಅವರದೊಂದು ಫೋಟೋ ತೆಗೆದೆ. ಹಸಿರು ಸೀರೆ, ಕೆಂಪು ಅಂಚು. ಹಣೆಯಲ್ಲಿ ಕಾಸಿನಗಲ ಕುಂಕುಮ. ಮುಂದೆ ಬುಟ್ಟಿಯಲ್ಲಿ ಮಲ್ಲಿಗೆ, ಪಕ್ಕದಲ್ಲಿ ಸೇವಂತಿಗೆ ರಾಶಿ, ಕನಕಾಂಬರದ ಉಂಡೆ. ಟಾರ್ಪಾಲಿನ ಸಂದಿಯಿಂದ ಬೆಳಕು ಒಂದೇ ಕಡೆಯಿಂದ ಮುಖಕ್ಕೆ ಬೀಳುತ್ತಿತ್ತು. ಇದು ಕಪ್ಪು-ಬಿಳುಪಿನಲ್ಲೇ ಚೆನ್ನ ಅಂತ ಅಲ್ಲೇ ಅನ್ನಿಸಿತು.

ಮನೆಗೆ ಬಂದು ಫೋನಿನ ಆ್ಯಪ್‌ನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಆರಿಸಿ, ಕೆಂಪು ಫಿಲ್ಟರ್ ಒತ್ತಿದೆ. ಮುಖ ನುಣ್ಣಗೆ, ಹೊಳೆಯುವ ಹಾಗೆ ಬಂತು. ಖುಷಿಯಾಗಿ ಎಂಟು-ಹತ್ತು ಇಂಚಿನ ಪ್ರಿಂಟ್ ಹಾಕಿಸಿ ಮುಂದಿನ ವಾರ ತಗೊಂಡು ಹೋಗಿ ಕೊಟ್ಟೆ. ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಕೇಳಿದರು: "ಯಾಕಪ್ಪಾ, ಹಣೇಲಿ ಕುಂಕುಮನೇ ಇಲ್ವಲ್ಲ? ನಾನ್ ಇಟ್ಕಂಡಿದ್ನಲ್ಲ."

ನಿಜವಾಗಿಯೂ ಇರಲಿಲ್ಲ. ಹಣೆ ಬರಿದಾಗಿತ್ತು. ಕುಂಕುಮ ಇಲ್ಲದ ಹಣೆ ಅಂದರೆ ನಮ್ಮ ಕಡೆ ಏನು ಅರ್ಥ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆ ಫೋಟೋ ಕೊಟ್ಟಿದ್ದಕ್ಕೆ ನನಗೆ ಇವತ್ತಿಗೂ ಸಂಕಟ ಇದೆ. ಆವತ್ತಿನಿಂದ ಒಂದೇ ಒಂದು ಫೋಟೋವನ್ನೂ ನಾನು ಬಟನ್ ಒತ್ತಿ ಕಪ್ಪು-ಬಿಳುಪು ಮಾಡಿಲ್ಲ. ಹೇಗೆ ಮಾಡುತ್ತೇನೆ ಅನ್ನುವುದನ್ನು ಅದೇ ಅಜ್ಜಿಯ ಚಿತ್ರ ಇಟ್ಟುಕೊಂಡು ಹೇಳುತ್ತೇನೆ.

ಕುಂಕುಮ ಅಳಿಸಿದ್ದು ಯಾರು

ಡಿಜಿಟಲ್ ಫೋಟೋದ ಪ್ರತಿ ಚುಕ್ಕೆಯಲ್ಲೂ ಮೂರು ಸಂಖ್ಯೆ ಇರುತ್ತವೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಒಂದೊಂದೂ 0ಯಿಂದ 255ರವರೆಗೆ. ಕಪ್ಪು-ಬಿಳುಪು ಮಾಡುವುದು ಅಂದರೆ ಈ ಮೂರು ಸಂಖ್ಯೆಯನ್ನು ಒಂದು ಸಂಖ್ಯೆಗೆ ಇಳಿಸುವುದು. ಹೇಗೆ ಇಳಿಸಬೇಕು ಅಂತ ನೀವು ಹೇಳದಿದ್ದರೆ ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ಇಳಿಸುತ್ತದೆ.

ಅಜ್ಜಿಯ ಫೋಟೋ ಮೇಲೆ ಕಲರ್ ಪಿಕರ್ ಇಟ್ಟು ನೋಡಿದೆ. ಹಣೆಯ ಚರ್ಮ: ಕೆಂಪು 150, ಹಸಿರು 105, ನೀಲಿ 80. ಕುಂಕುಮ: 150, 30, 40. ಸೀರೆಯ ಹಸಿರು: 40, 110, 60. ಅಂಚಿನ ಕೆಂಪು: 180, 40, 45.

ಮೊದಲೆರಡನ್ನು ನೋಡಿ. ಚರ್ಮದಲ್ಲೂ ಕೆಂಪು 150, ಕುಂಕುಮದಲ್ಲೂ ಕೆಂಪು 150. ನಮ್ಮ ಕಂದು ಚರ್ಮದಲ್ಲಿ ಕೆಂಪಿನ ಅಂಶ ಅಷ್ಟು ಜಾಸ್ತಿ. ಕೆಂಪು ಫಿಲ್ಟರ್ ಏನು ಮಾಡುತ್ತದೆ? ಹೆಚ್ಚುಕಡಿಮೆ ಕೆಂಪು ಸಂಖ್ಯೆಯನ್ನಷ್ಟೇ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟುಬಿಡುತ್ತದೆ. ಹಣೆ 150, ಕುಂಕುಮ 150. ಎರಡೂ ಒಂದೇ ಬೂದು. ಕುಂಕುಮ ಹೋಯಿತು.

ಹಾಗಾದರೆ ಫಿಲ್ಟರ್ ಬೇಡ, ಸುಮ್ನೆ ಬಣ್ಣ ತೆಗೆದರೆ ಸಾಕಲ್ವಾ? ಅದನ್ನೂ ಲೆಕ್ಕ ಹಾಕೋಣ. ಹಳೇ ಟಿವಿ ಕಾಲದಿಂದ ಬಂದ ಒಂದು ಸೂತ್ರ ಇದೆ. ಕೆಂಪಿನಿಂದ ಸುಮಾರು 30 ಪಾಲು, ಹಸಿರಿನಿಂದ 59, ನೀಲಿಯಿಂದ 11. ನಮ್ಮ ಕಣ್ಣಿಗೆ ಹಸಿರು ಬೆಳಕು ಹೆಚ್ಚು ಪ್ರಕಾಶವಾಗಿ, ನೀಲಿ ಕಡಿಮೆ ಪ್ರಕಾಶವಾಗಿ ಕಾಣುತ್ತದೆ, ಅದಕ್ಕೇ ಈ ಹಂಚಿಕೆ. ಈ ಸೂತ್ರದಲ್ಲಿ ಹಣೆ 116, ಕುಂಕುಮ 67. ಸರಿ, ಕುಂಕುಮ ಉಳಿಯಿತು. ಆದರೆ ಸೀರೆ 83, ಅಂಚು 82! ಕಡು ಹಸಿರಿನ ಪಕ್ಕ ಕಡು ಕೆಂಪು, ಬಣ್ಣದಲ್ಲಿ ಕಣ್ಣಿಗೆ ಹೊಡೆಯುವ ಹಾಗಿದ್ದ ಅಂಚು, ಕಪ್ಪು-ಬಿಳುಪಿನಲ್ಲಿ ಸೀರೆಯೊಳಗೆ ಕರಗಿಹೋಗುತ್ತದೆ. 'ಕಪ್ಪು-ಬಿಳುಪು ಮಾಡಿದರೆ ಫೋಟೋ ಸಪ್ಪೆಯಾಗುತ್ತದೆ' ಅಂತ ಜನ ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಆಮೇಲೆ ಅವರು ಕಾಂಟ್ರಾಸ್ಟ್ ಏರಿಸುತ್ತಾರೆ. 83 ಮತ್ತು 82ರ ಮಧ್ಯೆ ಇಲ್ಲದ ವ್ಯತ್ಯಾಸವನ್ನು ಕಾಂಟ್ರಾಸ್ಟ್ ತಂದುಕೊಡಲಾರದು.

ನಂಜನಗೂಡಿನಲ್ಲಿ ಅಪ್ಪನದೊಂದು ಸಣ್ಣ ಸ್ಟುಡಿಯೋ ಇತ್ತು. ಡಾರ್ಕ್‌ರೂಮಿನ ಕೆಂಪು ಬಲ್ಬಿನ ಕೆಳಗೆ ನಾನು ಟ್ರೇ ಅಲ್ಲಾಡಿಸುತ್ತಾ ಬೆಳೆದವನು. ಆ ಕೋಣೆಯಲ್ಲಿ ಕೆಂಪು ದೀಪ ಯಾಕೆ ಗೊತ್ತಾ? ಪ್ರಿಂಟ್ ಹಾಕುವ ಪೇಪರಿಗೆ ಕೆಂಪು ಬೆಳಕು ಕಾಣಿಸುವುದಿಲ್ಲ. ತೀರಾ ಹಳೇ ಕಾಲದ ಫಿಲ್ಮು, ಗಾಜಿನ ಪ್ಲೇಟುಗಳಿಗೂ ಹಾಗೇ, ಕೆಂಪು ಕಾಣುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಮುತ್ತಜ್ಜಿಯ ಕಾಲದ ಫೋಟೋ ಇದ್ದರೆ ತೆಗೆದು ನೋಡಿ. ಕುಂಕುಮ ಕಾಡಿಗೆಯಷ್ಟು ಕಪ್ಪಗೆ ಇರುವ ಸಾಧ್ಯತೆ ಹೆಚ್ಚು. ಫಿಲ್ಮಿಗೆ ಕಾಣದ ಬಣ್ಣ ಫೋಟೋದಲ್ಲಿ ಕಪ್ಪಾಗುತ್ತದೆ. ಅಂದರೆ ಯಾವ ಬಣ್ಣ ಯಾವ ಬೂದು ಆಗಬೇಕು ಅನ್ನುವುದು ಮೊದಲಿನಿಂದಲೂ ಯಾರೋ ಮಾಡಿದ ತೀರ್ಮಾನವೇ. ಮೊದಲು ಫಿಲ್ಮ್ ತಯಾರಿಸುವವರು ಮಾಡುತ್ತಿದ್ದರು. ಈಗ ಅದನ್ನು ನಾವೇ ಮಾಡಬಹುದು. ಇಡೀ ಕೆಲಸ ಇರುವುದು ಇಲ್ಲೇ.

ಶುರು ಮಾಡುವ ಮೊದಲು

ಸಾಧ್ಯವಾದರೆ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಕ್ಯಾಮೆರಾ ಹಾಗೇ ಉಳಿಸಿಕೊಡುವ ಫೈಲಿನಲ್ಲಿ, ತೆಗೆಯಿರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಅಷ್ಟೇ. 14 ಬಿಟ್ ರಾ ಫೈಲಿನಲ್ಲಿ 16,384. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹೆಚ್ಚಿನ ಜೆಪೆಗ್‌ಗಳು ಜಾಗ ಉಳಿಸಲು ಬಣ್ಣದ ವಿವರವನ್ನು ಪ್ರಕಾಶದ ವಿವರಕ್ಕಿಂತ ಒರಟಾಗಿ ಇಡುತ್ತವೆ. ಬಣ್ಣದ ಫೋಟೋದಲ್ಲಿ ಇದು ಕಾಣುವುದಿಲ್ಲ. ಆದರೆ ನಾವು ಈಗ ಮಾಡಲು ಹೊರಟಿರುವುದು ಬಣ್ಣದ ವ್ಯತ್ಯಾಸವನ್ನು ಪ್ರಕಾಶದ ವ್ಯತ್ಯಾಸವಾಗಿ ಬದಲಿಸುವ ಕೆಲಸ. ಆ ಒರಟುತನವೆಲ್ಲ ಚೌಕ ಚೌಕವಾಗಿ ಎದ್ದು ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋವನ್ನು ಚೆನ್ನಾಗಿ ಕಪ್ಪು-ಬಿಳುಪು ಮಾಡಲು ಆಗದಿರುವುದು ಇದಕ್ಕೇ. ಮೂಲ ಫೈಲ್ ಕೇಳಿ ತರಿಸಿಕೊಳ್ಳಿ.

ಕ್ಯಾಮೆರಾದಲ್ಲೇ ಮಾನೋಕ್ರೋಮ್ ಇಟ್ಟು ತೆಗೆಯಬಹುದಾ ಅಂತ ಕೇಳುತ್ತಾರೆ. ರಾ ಜೊತೆಗೆ ಇಟ್ಟರೆ ಒಳ್ಳೆಯದೇ. ಹಿಂದಿನ ಪರದೆಯಲ್ಲಿ ಕಪ್ಪು-ಬಿಳುಪು ಕಾಣುತ್ತದೆ, ರಾ ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಬರೀ ಜೆಪೆಗ್‌ನಲ್ಲಿ ಮಾನೋಕ್ರೋಮ್ ತೆಗೆದರೆ ಬಣ್ಣ ಹೋಯಿತು, ಮತ್ತೆ ಬರುವುದಿಲ್ಲ. ಹಾಗೆ ಮಾಡಬೇಡಿ.

ಕಂಪ್ಯೂಟರಿಗೆ ಹಾಕಿದ ಮೇಲೆ ಮೊದಲು ಬಣ್ಣದ ಚಿತ್ರವನ್ನೇ ಸರಿ ಮಾಡಿ. ವಿಶೇಷವಾಗಿ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಛಾಯೆ ತೆಗೆದು ಬಿಳಿಯನ್ನು ಬಿಳಿಯಾಗೇ ಕಾಣಿಸುವುದು. ಬಣ್ಣ ತೆಗೆಯುವ ಫೋಟೋಗೆ ವೈಟ್ ಬ್ಯಾಲೆನ್ಸ್ ಯಾಕೆ ಅಂದುಕೊಳ್ಳಬೇಡಿ. ಅಜ್ಜಿಯ ತಲೆ ಮೇಲಿದ್ದದ್ದು ನೀಲಿ ಟಾರ್ಪಾಲು. ಅದರ ನೀಲಿ ಛಾಯೆ ಮಲ್ಲಿಗೆ ಮೇಲೂ ಇತ್ತು, ಕೆನ್ನೆಯ ಮೇಲೂ ಇತ್ತು. ಅದನ್ನು ತೆಗೆಯದೆ ಮುಂದೆ ಹೋದರೆ ನೀಲಿಯನ್ನು ಮುಟ್ಟಿದಾಗೆಲ್ಲ ಮಲ್ಲಿಗೆಯೂ ಕೆನ್ನೆಯೂ ಒಟ್ಟಿಗೆ ಅಲುಗಾಡುತ್ತವೆ.

ಮೂರು ಚಾನೆಲ್ ಬಿಡಿಸಿ ನೋಡುವುದು

ಆ ಮೂರು ಸಂಖ್ಯೆಯಲ್ಲಿ ಒಂದೊಂದರಿಂದಲೇ ಆಗುವ ಚಿತ್ರಕ್ಕೆ ಚಾನೆಲ್ ಅನ್ನುತ್ತಾರೆ. ಯಾವ ಸ್ಲೈಡರನ್ನೂ ಮುಟ್ಟುವ ಮೊದಲು ನಾನು ಮೂರೂ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ನೋಡುತ್ತೇನೆ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಜೊತೆ 3, 4, 5 ಒತ್ತಿದರೆ ಕೆಂಪು, ಹಸಿರು, ನೀಲಿ ಚಾನೆಲ್ ಕಪ್ಪು-ಬಿಳುಪಿನಲ್ಲೇ ಕಾಣುತ್ತವೆ. 2 ಒತ್ತಿದರೆ ಬಣ್ಣಕ್ಕೆ ವಾಪಸ್. ಗಿಂಪ್‌ನಲ್ಲಿ ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗೆ ಡಿಕಂಪೋಸ್ ಅಂತ ಇದೆ. ಅದು ಮೂರನ್ನೂ ಮೂರು ಪದರವಾಗಿ ಬಿಡಿಸಿ ಕೊಡುತ್ತದೆ. ಗಿಂಪ್ ಪುಕ್ಕಟೆ ಸಿಗುತ್ತದೆ, ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಹಗಲಿಡೀ ಮದುವೆ ಆಲ್ಬಂ ಡಿಸೈನ್ ಮಾಡುವಾಗ ನಾನು ಬಳಸುವುದು ಫೋಟೋಶಾಪ್. ನನ್ನ ಸ್ವಂತ ಚಿತ್ರಗಳಿಗೆ ಗಿಂಪ್.

ಅಜ್ಜಿಯ ಚಿತ್ರದಲ್ಲಿ ಕೆಂಪು ಚಾನೆಲ್ ನೋಡಿದರೆ ಮುಖ ನುಣುಪು, ಕಲೆಯೆಲ್ಲ ಮಾಯ, ಕುಂಕುಮವೂ ಮಾಯ. ಸೇವಂತಿಗೆ, ಕನಕಾಂಬರ ಎರಡೂ ಬೆಳ್ಳಗೆ, ಮಲ್ಲಿಗೆ ಜೊತೆ ಬೆರೆತುಹೋಗಿವೆ. ನೀಲಿ ಚಾನೆಲ್ ಪೂರ್ತಿ ಉಲ್ಟಾ. ಮುಖ ಕಪ್ಪು, ಪ್ರತಿ ಸುಕ್ಕು, ಪ್ರತಿ ಮಚ್ಚೆ ಎದ್ದು ಕಾಣುತ್ತದೆ. ಸೇವಂತಿಗೆ ಕಪ್ಪು ಹೂವಾಗಿದೆ. ಜೊತೆಗೆ ಎಲ್ಲ ಕಡೆ ರವೆ ಚೆಲ್ಲಿದ ಹಾಗೆ ನಾಯ್ಸ್. ಸಾಮಾನ್ಯವಾಗಿ ಮೂರರಲ್ಲಿ ನೀಲಿ ಚಾನೆಲ್ಲೇ ಹೆಚ್ಚು ಕೊಳಕು, ಹಳದಿ ಬಲ್ಬಿನ ಬೆಳಕಲ್ಲಂತೂ ಹೇಳುವುದೇ ಬೇಡ. ಹಸಿರು ಚಾನೆಲ್ ಸಾಮಾನ್ಯವಾಗಿ ಎಲ್ಲಕ್ಕಿಂತ ಚೊಕ್ಕಟ. ಹೆಚ್ಚಿನ ಕ್ಯಾಮೆರಾಗಳ ಸೆನ್ಸರಿನಲ್ಲಿ ಪ್ರತಿ ನಾಲ್ಕು ಚುಕ್ಕೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಇರುತ್ತವೆ, ಅದು ಒಂದು ಕಾರಣ. ಅಜ್ಜಿಯ ಹಸಿರು ಚಾನೆಲ್‌ನಲ್ಲಿ ಹಣೆ 105, ಕುಂಕುಮ 30. ಸೀರೆ 110, ಅಂಚು 40. ಕುಂಕುಮವೂ ಬಂತು, ಅಂಚೂ ಬಂತು.

ಹೀಗೆ ಒಂದು ನಿಮಿಷ ನೋಡಿದರೆ ಆ ಚಿತ್ರದಲ್ಲಿ ನಿಮ್ಮ ಕೈಗೆ ಏನೇನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. ಸೋಮನಾಥಪುರದ ದೇವಸ್ಥಾನದ ಕಲ್ಲಿನ ಕೆತ್ತನೆ ತೆಗೆದಿದ್ದರೆ ಮೂರು ಚಾನೆಲ್ಲೂ ಬಹುತೇಕ ಒಂದೇ ಥರ ಇರುತ್ತವೆ. ಆ ಬಳಪದ ಕಲ್ಲಿಗೆ ಬಣ್ಣವೇ ಕಡಿಮೆ. ಅಲ್ಲಿ ಬಣ್ಣದ ಸ್ಲೈಡರ್ ಎಳೆದಾಡಿ ಪ್ರಯೋಜನವಿಲ್ಲ. ಸಂಜೆಯ ಓರೆ ಬೆಳಕಿಗೆ ಕಾದು ತೆಗೆದಿದ್ದರೆ ಮಾತ್ರ ಚಿತ್ರ ಬರುತ್ತದೆ.

ಮಿಕ್ಸರ್

ಈಗ ಕೆಲಸಕ್ಕೆ ಇಳಿಯೋಣ. ಗಿಂಪ್‌ನಲ್ಲಿ ಮೂಲ ಪದರವನ್ನು ಹಾಗೇ ಬಿಟ್ಟು ಅದರ ನಕಲು ಮಾಡಿಕೊಳ್ಳಿ. ನಕಲಿನ ಮೇಲೆ ಕಲರ್ಸ್, ಕಾಂಪೊನೆಂಟ್ಸ್, ಮೋನೋ ಮಿಕ್ಸರ್. ಮೂರು ಸ್ಲೈಡರ್ ಬರುತ್ತವೆ. ಇಮೇಜ್ ಮೆನುವಿನಲ್ಲಿ ಗ್ರೇಸ್ಕೇಲ್ ಮೋಡ್‌ಗೆ ಹೋಗಬೇಡಿ, ಅಲ್ಲಿ ಆಯ್ಕೆ ಸಿಗುವುದಿಲ್ಲ.

ನಾನು ಕೆಂಪು 0.10, ಹಸಿರು 0.85, ನೀಲಿ 0.05 ಇಟ್ಟೆ. ಮೂರೂ ಕೂಡಿದರೆ 1 ಆಗಬೇಕು. ಜಾಸ್ತಿಯಾದರೆ ಚಿತ್ರ ಬೆಳ್ಳಗಾಗುತ್ತದೆ, ಕಡಿಮೆಯಾದರೆ ಕಪ್ಪಗಾಗುತ್ತದೆ. ಲೆಕ್ಕ ಹಾಕಿದರೆ ಹಣೆ 108, ಕುಂಕುಮ 43, ಸೀರೆ 100, ಅಂಚು 54. ಸಾಫ್ಟ್‌ವೇರ್ ಒಳಗೆ ಲೆಕ್ಕ ಮಾಡುವ ಕ್ರಮ ಇಷ್ಟು ಸರಳ ಅಲ್ಲ, ಹಾಗಾಗಿ ಪರದೆ ಮೇಲೆ ಸಂಖ್ಯೆ ಆಚೀಚೆ ಆಗುತ್ತದೆ. ಅಂದಾಜಿಗೆ ಇದು ಸಾಕು.

ಕುಂಕುಮ ಬಂತು. ಅಂಚು ಬಂತು. ಆದರೆ ಹೊಸ ತೊಂದರೆ ನೋಡಿ: ಹಣೆ 108, ಸೀರೆ 100. ಮುಖವೂ ಸೀರೆಯೂ ಒಂದೇ ಬೂದಿನ ಹತ್ತಿರ ಬಂದವು. ಸೆರಗು ಕೆನ್ನೆಗೆ ತಾಗುವ ಕಡೆ ಗೆರೆಯೇ ಇಲ್ಲ. ಮುಖ ಸ್ವಲ್ಪ ಮಂಕೂ ಆಯಿತು. ಇಂಥ ಕಡೆ ಒಂದೇ ಮಿಶ್ರಣದಲ್ಲಿ ಎಲ್ಲವನ್ನೂ ಸರಿ ಮಾಡಲು ಗುದ್ದಾಡಬೇಡಿ. ಎರಡು ಮಿಶ್ರಣ ಮಾಡಿ.

ಮೂಲ ಪದರದ ಇನ್ನೊಂದು ನಕಲು ತೆಗೆದು ಮೇಲಕ್ಕೆ ತನ್ನಿ. ಅದಕ್ಕೆ ಕೆಂಪು 0.40, ಹಸಿರು 0.55, ನೀಲಿ 0.05. ಈ ಮಿಶ್ರಣದಲ್ಲಿ ಹಣೆ 122, ಕುಂಕುಮ 79. ಮುಖಕ್ಕೆ ಬೆಳಕು ಬಂತು, ಕುಂಕುಮವೂ ಚೆನ್ನಾಗಿ ಕಾಣುತ್ತದೆ. ಈಗ ಆ ಪದರಕ್ಕೆ ಪೂರ್ತಿ ಕಪ್ಪು ಮಾಸ್ಕ್ ಹಾಕಿ. ಮಾಸ್ಕ್ ಅಂದರೆ ಪದರದ ಮೇಲಿನ ಮುಸುಕು, ಅದು ಕಪ್ಪಿದ್ದ ಕಡೆ ಪದರ ಕಾಣುವುದಿಲ್ಲ, ಬಿಳಿ ಇದ್ದ ಕಡೆ ಕಾಣುತ್ತದೆ. ಪದರ ಮರೆಯಾಗುತ್ತದೆ. ಅಂಚು ಮೆತ್ತಗಿರುವ ದೊಡ್ಡ ಬ್ರಷ್ ತಗೊಂಡು ಮಾಸ್ಕ್ ಮೇಲೆ ಮುಖ, ಕೈ ಇರುವ ಕಡೆ ಮಾತ್ರ ಬಿಳಿ ಹಚ್ಚಿ. ಚರ್ಮ ಮೇಲಿನ ಪದರದಿಂದ ಬರುತ್ತದೆ, ಸೀರೆ ಕೆಳಗಿನದರಿಂದ. ಹಣೆ 122, ಸೀರೆ 100, ಕುಂಕುಮ 79, ಅಂಚು 54. ನಾಲ್ಕಕ್ಕೂ ಅದರದರ ಜಾಗ ಸಿಕ್ಕಿತು. ಕಾಂಟ್ರಾಸ್ಟ್ ಸ್ಲೈಡರನ್ನು ಇನ್ನೂ ಮುಟ್ಟಿಯೇ ಇಲ್ಲ, ಚಿತ್ರ ಆಗಲೇ ಎದ್ದು ಕೂತಿದೆ.

ಕಂಪ್ಯೂಟರ್ ಇಲ್ಲದವರು ಫೋನಿನ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೂ ಇದರ ಹತ್ತಿರ ಬರಬಹುದು. ಬ್ಲ್ಯಾಕ್ ಅಂಡ್ ವೈಟ್ ಒಳಗೆ ಬಣ್ಣದ ಫಿಲ್ಟರ್‌ಗಳಿವೆ. ಜನರ ಫೋಟೋಗೆ ಹಳದಿ ಅಥವಾ ಹಸಿರು ನೋಡಿ. ಕೆಂಪನ್ನು ಆಕಾಶಕ್ಕೆ ಇಟ್ಟುಕೊಳ್ಳಿ.

ಎಂಟು ಸ್ಲೈಡರಿನ ದಾರಿ

ಫೋಟೋ ತಿದ್ದುವ ಇನ್ನೊಂದು ಸಾಫ್ಟ್‌ವೇರ್ ಲೈಟ್‌ರೂಮಿನಲ್ಲಿ ವಿ ಕೀ ಒತ್ತಿದರೆ ಚಿತ್ರ ಕಪ್ಪು-ಬಿಳುಪಾಗಿ ಎಂಟು ಬಣ್ಣದ ಸ್ಲೈಡರ್ ತೆರೆಯುತ್ತವೆ. ಫೋಟೋಶಾಪ್‌ನ ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್‌ನಲ್ಲಿ ಆರು. ಇವು ಮಿಕ್ಸರಿನ ಹಾಗಲ್ಲ. ಹಳದಿ ಸ್ಲೈಡರ್ ಇಳಿಸಿದರೆ ಹಳದಿ ಇರುವ ಕಡೆ ಮಾತ್ರ ಕಪ್ಪಾಗುತ್ತದೆ. ಸೇವಂತಿಗೆಯನ್ನು ಮಲ್ಲಿಗೆಯಿಂದ ಬೇರೆ ಮಾಡಬೇಕಿದ್ದರೆ ಇದು ಹೇಳಿ ಮಾಡಿಸಿದ್ದು. ಹಳದಿಯನ್ನು ಸ್ವಲ್ಪ ಇಳಿಸಿದರೆ ಸೇವಂತಿಗೆ ನಡು ಬೂದಿಗೆ ಬರುತ್ತದೆ, ಮಲ್ಲಿಗೆ ಬೆಳ್ಳಗೇ ಉಳಿಯುತ್ತದೆ.

ಎರಡರಲ್ಲೂ ಚಿತ್ರದ ಮೇಲೇ ಹಿಡಿದು ಎಳೆಯುವ ಟೂಲ್ ಒಂದಿದೆ. ಅದನ್ನು ಬಳಸಿ. ಯಾಕೆಂದರೆ ಕಣ್ಣಿಗೆ ಕಾಣುವ ಬಣ್ಣವೇ ಬೇರೆ, ಫೈಲಿನಲ್ಲಿರುವ ಬಣ್ಣವೇ ಬೇರೆ. ಮಂಡ್ಯದ ಕಡೆ ಭತ್ತದ ಗದ್ದೆ ತೆಗೆದು, ಹಸಿರು ಸ್ಲೈಡರ್ ಎಷ್ಟು ಎಳೆದರೂ ಗದ್ದೆ ಅಲ್ಲಾಡುವುದಿಲ್ಲ ಅಂತ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಎಲೆ, ಹುಲ್ಲು, ಪೈರು ನಮಗೆ ಹಸಿರಾಗಿ ಕಂಡರೂ ಫೈಲಿನಲ್ಲಿ ಹಳದಿ ಪಾಲು ಬಹಳ ಇರುತ್ತದೆ. ಹಳದಿ ಎಳೆದ ತಕ್ಷಣ ಇಡೀ ಗದ್ದೆ ಬೆಳಗಿತು.

ಚರ್ಮ ಇರುವುದು ಹೆಚ್ಚಾಗಿ ಕಿತ್ತಳೆ ಸ್ಲೈಡರಿನಲ್ಲಿ. ಇಲ್ಲಿ ನನ್ನದೊಂದು ಕಳಕಳಿಯ ಮಾತು. ಕಿತ್ತಳೆ ಏರಿಸಿದರೆ ಮುಖ ಬೆಳ್ಳಗಾಗುತ್ತದೆ. ನಮ್ಮ ಕಡೆ ಸ್ಟುಡಿಯೋಗಳಲ್ಲಿ ಮೊದಲಿನಿಂದಲೂ ಮುಖ ಬೆಳ್ಳಗೆ ಮಾಡಿ ಕೊಡುವ ಅಭ್ಯಾಸ ಇದೆ, ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಕಂದು ಚರ್ಮಕ್ಕೆ ಕಪ್ಪು-ಬಿಳುಪಿನಲ್ಲಿ ಸಿಗುವ ಹೊಳಪು, ಕೆನ್ನೆಮೂಳೆಯ ಮೇಲೆ ಎಣ್ಣೆ ಮಿನುಗಿದ ಹಾಗೆ ನಿಲ್ಲುವ ಬೆಳಕು, ಬೆಳ್ಳಗೆ ಮಾಡಿದ ಕೂಡಲೇ ಸತ್ತುಹೋಗುತ್ತದೆ. ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ತೆಗೆದ ಸಾಮಾನ್ಯ ಜನರ, ಮಕ್ಕಳ ಕಪ್ಪು-ಬಿಳುಪು ಚಿತ್ರಗಳನ್ನು ಹುಡುಕಿ ನೋಡಿ. ಒಂದೊಂದು ಮುಖದ ಮುಂದೆ ಹತ್ತು ನಿಮಿಷ ಕೂರಿ. ನನಗೆ ಅದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಈ ಸ್ಲೈಡರ್‌ಗಳನ್ನು ಕೊನೆಯವರೆಗೆ ಎಳೆಯಬಾರದು. ಸೋಮನಾಥಪುರದ ಗೋಪುರದ ಹಿಂದಿನ ನೀಲಿ ಆಕಾಶವನ್ನು ಕಡುಕಪ್ಪು ಮಾಡುವ ಆಸೆಯಿಂದ ನಾನು ನೀಲಿಯನ್ನು ಮೈನಸ್ 100ಕ್ಕೆ ಇಳಿಸಿದ್ದೆ. ಪರದೆಯಲ್ಲಿ ಭವ್ಯವಾಗಿ ಕಂಡಿತು. ನೂರು ಪರ್ಸೆಂಟಿಗೆ ದೊಡ್ಡದು ಮಾಡಿ ನೋಡಿದರೆ ಗೋಪುರದ ಸುತ್ತ ಸೀಮೆಸುಣ್ಣದಲ್ಲಿ ಬರೆದ ಹಾಗೆ ಬಿಳಿ ಗೆರೆ, ಆಕಾಶದ ತುಂಬ ನಾಯ್ಸ್. ಅಂಚಿನಲ್ಲಿರುವ ಚುಕ್ಕೆಗಳು ಪೂರ್ತಿ ನೀಲಿಯೂ ಅಲ್ಲ, ಪೂರ್ತಿ ಕಲ್ಲಿನ ಬಣ್ಣವೂ ಅಲ್ಲ. ಸ್ಲೈಡರ್ ಅವನ್ನು ಬಿಟ್ಟು ಮುಂದೆ ಹೋಗುತ್ತದೆ, ಅವು ಬೆಳ್ಳಗೆ ಉಳಿಯುತ್ತವೆ. ನನ್ನ ಅನುಭವದಲ್ಲಿ 40 ದಾಟಿದರೆ ದೊಡ್ಡದು ಮಾಡಿ ಅಂಚು ನೋಡಲೇಬೇಕು. ಇನ್ನೂ ಕಪ್ಪು ಆಕಾಶ ಬೇಕಿದ್ದರೆ ಮಾಸ್ಕ್ ಹಾಕಿ ಎಕ್ಸ್‌ಪೋಶರ್ ಇಳಿಸಿ. ಅದು ಮೃದುವಾಗಿ ಬರುತ್ತದೆ.

ಕಪ್ಪು ಎಲ್ಲಿ, ಬಿಳಿ ಎಲ್ಲಿ

ಬಣ್ಣಗಳಿಗೆ ಬೂದು ಹಂಚಿ ಆದ ಮೇಲೆ ಕರ್ವ್ಸ್, ಅಂದರೆ ಒಂದು ಗೆರೆ ಬಗ್ಗಿಸಿ ಚಿತ್ರದ ಕಪ್ಪು, ಬೂದು, ಬಿಳಿಯನ್ನು ಏರಿಸಿ ಇಳಿಸುವ ಟೂಲ್. ಇಲ್ಲಿ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಚಿತ್ರದಲ್ಲಿ ಎಲ್ಲಕ್ಕಿಂತ ಕಪ್ಪು ಯಾವುದಾಗಬೇಕು? ಎಲ್ಲಕ್ಕಿಂತ ಬಿಳಿ ಯಾವುದು? ಅಜ್ಜಿಯ ಚಿತ್ರದಲ್ಲಿ ಕಪ್ಪು ಅಂದರೆ ಅಂಗಡಿಯ ಹಿಂದಿನ ಕತ್ತಲೆ. ಅದು 5, 10ಕ್ಕೆ ಹೋಗಲಿ. ಬಿಳಿ ಅಂದರೆ ಮಲ್ಲಿಗೆ. ಆದರೆ ಅದು 255 ಆಗಕೂಡದು. 255 ಆದರೆ ಮೊಗ್ಗು ಮೊಗ್ಗಾಗಿ ಇರುವುದಿಲ್ಲ, ಬರೀ ಬಿಳಿ ಕಾಗದವಾಗುತ್ತದೆ. ನಾನು ಅದನ್ನು 235ರ ಸುತ್ತ ನಿಲ್ಲಿಸಿದೆ. ಒಂದೊಂದು ಮೊಗ್ಗಿನ ತುದಿ, ಅದರ ಕೆಳಗಿನ ನೆರಳು, ಬಾಳೆನಾರು, ಎಲ್ಲ ಎಣಿಸುವ ಹಾಗೆ ಉಳಿಯಿತು. ಕರ್ವ್ ಅನ್ನು ಕಂಡೂ ಕಾಣದಷ್ಟು ಎಸ್ ಆಕಾರಕ್ಕೆ ಬಗ್ಗಿಸಿದರೆ ಆಯಿತು. ಕ್ಲಾರಿಟಿ ಸ್ಲೈಡರ್ ಬಗ್ಗೆ ಒಂದೇ ಮಾತು: ಮುದುಕರ ಮುಖದ ಮೇಲೆ ಅದನ್ನು ಏರಿಸಿ ಸುಕ್ಕನ್ನು ಕೊರೆದು ತೋರಿಸುವ ಚಟ ಬಹಳ ಜನಕ್ಕಿದೆ, ನನಗೆ ಅದು ಹಿಡಿಸುವುದಿಲ್ಲ.

ಕೈಯಾಡಿಸುವುದು

ಅಪ್ಪ ಪ್ರಿಂಟ್ ಹಾಕುವುದನ್ನು ನೋಡುವುದೇ ಒಂದು ಚೆಂದ. ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಬೀಳಿಸುವ ಎನ್‌ಲಾರ್ಜರ್‌ನ ಬೆಳಕು ಕಾಗದದ ಮೇಲೆ ಬೀಳುತ್ತಿರುವಾಗ, ತಂತಿ ತುದಿಗೆ ಅಂಟಿಸಿದ ನಾಲ್ಕಾಣೆಯಗಲದ ರಟ್ಟಿನ ಚೂರನ್ನು ಮುಖದ ಮೇಲೆ ಹಿಡಿದು ಸಣ್ಣಗೆ ಅಲ್ಲಾಡಿಸುತ್ತಿದ್ದರು. ಅಲ್ಲಿ ಬೆಳಕು ಕಡಿಮೆ ಬಿದ್ದು ಮುಖ ತಿಳಿಯಾಗುತ್ತಿತ್ತು. ಅದು ಡಾಡ್ಜಿಂಗ್. ಆಮೇಲೆ ಎರಡೂ ಕೈ ಮಡಿಸಿ ನಡುವೆ ತೂತು ಬಿಟ್ಟು, ಮೂಲೆಗಳಿಗೆ ಇನ್ನಷ್ಟು ಬೆಳಕು ಕುಡಿಸುತ್ತಿದ್ದರು. ಅದು ಬರ್ನಿಂಗ್, ಮೂಲೆ ಕಪ್ಪಾಗುತ್ತದೆ. ಕೈ ಒಂದು ಕ್ಷಣವೂ ನಿಲ್ಲಬಾರದು, ನಿಂತರೆ ಅಂಚು ಬೀಳುತ್ತದೆ ಅನ್ನುತ್ತಿದ್ದರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲಿನಲ್ಲಿ ತೆಗೆದ ಎಷ್ಟೋ ಸಾಧಾರಣ ನೆಗೆಟಿವ್‌ಗಳಿಂದ ಅವರು ಹೀಗೇ ಒಳ್ಳೆಯ ಪ್ರಿಂಟ್ ಎತ್ತುತ್ತಿದ್ದರು.

ಕಂಪ್ಯೂಟರಿನಲ್ಲೂ ಅದನ್ನೇ ಮಾಡಿ. ಎಲ್ಲದರ ಮೇಲೆ ಹೊಸ ಪದರ, ಅದಕ್ಕೆ ನಡು ಬೂದು ತುಂಬಿ, ಮೋಡ್ ಸಾಫ್ಟ್ ಲೈಟ್ ಮಾಡಿ. ನಡು ಬೂದು ಚಿತ್ರವನ್ನು ಬಹುತೇಕ ಹಾಗೇ ಬಿಡುತ್ತದೆ. ಬ್ರಷ್ಷಿನ ಒಪಾಸಿಟಿ 5ರಿಂದ 8 ಪರ್ಸೆಂಟ್, ಅದಕ್ಕಿಂತ ಜಾಸ್ತಿ ಬೇಡ. ಬಿಳಿ ಹಚ್ಚಿದರೆ ತಿಳಿಯಾಗುತ್ತದೆ, ಕಪ್ಪು ಹಚ್ಚಿದರೆ ಗಾಢವಾಗುತ್ತದೆ. ಒಂದೇ ಸಲಕ್ಕೆ ಒತ್ತಬೇಡಿ, ನಾಲ್ಕು ಸಲ ಸವರಿ.

ಅಜ್ಜಿಯ ಚಿತ್ರದಲ್ಲಿ ನಾನು ಮಾಡಿದ್ದು ಮೂರು ಕಡೆ. ಬೆಳಕಿನ ಕಡೆಯ ಕೆನ್ನೆಮೂಳೆ ಮೇಲೆ ಎರಡು ಸಲ ಬಿಳಿ. ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಮೇಲೆ ಒಂದು ಸಲ, ಕಣ್ಣಿನ ಬಿಳಿ ಗುಡ್ಡೆ ಮೇಲೆ ಅಲ್ಲ. ಹಿಂದೆ ನೇತುಹಾಕಿದ್ದ ಪ್ಲಾಸ್ಟಿಕ್ ಕವರ್ ಬೆಳ್ಳಗೆ ಕಣ್ಣಿಗೆ ಕುಕ್ಕುತ್ತಿತ್ತು, ಅದರ ಮೇಲೆ ಹತ್ತು ಹನ್ನೆರಡು ಸಲ ಕಪ್ಪು. ಆಮೇಲೆ ಎದ್ದು ಹೋಗಿ ಕಾಫಿ ಕುಡಿದು ಬಂದು, ಕಣ್ಣು ಕಿರಿದು ಮಾಡಿ ನೋಡಿದೆ. ಮೊದಲು ಮುಖ ಕಾಣಬೇಕು, ಆಮೇಲೆ ಹೂವು. ಕವರ್ ಕಾಣಲೇಬಾರದು. ಹಾಗೇ ಇತ್ತು.

ಫಿಲ್ಮಿನ ಹಾಗೆ ಗ್ರೇನ್, ಅಂದರೆ ಸಣ್ಣ ಕಾಳಿನಂಥ ಚುಕ್ಕೆಗಳು, ಬೇಕಿದ್ದರೆ ಸೈಜ್ ಬದಲಿಸಿದ ಮೇಲೆ, ಕಟ್ಟಕಡೆಗೆ ಹಾಕಿ. ಆಕಾಶದಲ್ಲಿ ಪಟ್ಟೆ ಪಟ್ಟೆ ಬಿದ್ದಿದ್ದರೆ ಸಣ್ಣ ಗ್ರೇನ್ ಅದನ್ನು ಮುಚ್ಚುತ್ತದೆ. ಸೆಪಿಯಾ ನನಗೆ ಬೇಡ. ಡಾರ್ಕ್‌ರೂಮಿನಲ್ಲಿ ಅದಕ್ಕೊಂದು ಕಾರಣ ಇತ್ತು, ಬೆಳ್ಳಿ ಸಲ್ಫೈಡ್ ಆಗಿ ಪ್ರಿಂಟ್ ಹೆಚ್ಚು ಕಾಲ ಬಾಳುತ್ತಿತ್ತು. ಈಗ ಅದು ಬರೀ ಕಂದು ಬಣ್ಣ.

ಪ್ರಿಂಟ್

ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಚೆಲ್ಲುವುದಿಲ್ಲ. ಮಾನಿಟರಿನ ಬ್ರೈಟ್‌ನೆಸ್ ಪೂರ್ತಿ ಇಟ್ಟು ಎಡಿಟ್ ಮಾಡಿದರೆ ಪ್ರಿಂಟ್ ಕಪ್ಪಗೆ ಬರುತ್ತದೆ. ಪಕ್ಕದಲ್ಲಿ ಬಿಳಿ ಕಾಗದ ಹಿಡಿದು, ಪರದೆಯ ಬಿಳಿ ಅದಕ್ಕೆ ಹತ್ತಿರವಾಗುವವರೆಗೆ ಬ್ರೈಟ್‌ನೆಸ್ ಇಳಿಸಿ. ಎಂಟು-ಹತ್ತು ಇಂಚಿಗೆ 2400-3000 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. ಪದರಗಳಿರುವ ಮೂಲ ಫೈಲ್ ಬೇರೆ ಇಟ್ಟುಕೊಂಡು ಲ್ಯಾಬಿಗೆ ಅದರ ಜೆಪೆಗ್ ಕೊಡಿ. ಬಣ್ಣದ ಪೇಪರಿನಲ್ಲೇ ಕಪ್ಪು-ಬಿಳುಪು ಹಾಕುವ ಲ್ಯಾಬುಗಳಲ್ಲಿ ಬೂದು ಒಂದೊಂದು ಸಲ ಹಸಿರಿಗೋ ನೇರಳೆಗೋ ವಾಲುತ್ತದೆ. ಅದಕ್ಕೆ ಮೊದಲು ನಾಲ್ಕು-ಆರು ಇಂಚಿನದೊಂದು ಹಾಕಿಸಿ, ಹೊರಗೆ ಹಗಲು ಬೆಳಕಲ್ಲಿ ನೋಡಿ. ವಾಲಿದ್ದರೆ ಅಲ್ಲೇ ಹೇಳಿ, ಸರಿ ಮಾಡಿಕೊಡುತ್ತಾರೆ. ನಾನು ಆ ಸಣ್ಣ ಪ್ರಿಂಟಿನಲ್ಲಿ ಸೀರೆಯ ಮಡಿಕೆಗಳು ಮುಚ್ಚಿಹೋಗಿದ್ದು ನೋಡಿ, ನೆರಳನ್ನು ಸ್ವಲ್ಪ ಎತ್ತಿ ಮತ್ತೆ ಹಾಕಿಸಿದೆ.

ಹೊಸ ಪ್ರಿಂಟ್ ತಗೊಂಡು ಹೋದಾಗ ಅಜ್ಜಿ ಮಾಲೆ ಕಟ್ಟುತ್ತಿದ್ದರು. ಕೈ ಒರೆಸಿಕೊಂಡು ಈಸಿಕೊಂಡರು. ಮೊದಲು ಹಣೆ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಅಂಚಿನ ಮೇಲೆ ಬೆರಳಾಡಿಸಿ, "ಇದು ಮಗಳು ತಂದ್ಕೊಟ್ಟಿದ್ ಸೀರೆ ಕಣಪ್ಪ" ಅಂದರು. ಪ್ರಿಂಟನ್ನು ಕವರಿಗೆ ಹಾಕಿ, ನೀರು ತಾಗದ ಹಾಗೆ ದುಡ್ಡಿನ ಡಬ್ಬಿಯ ಕೆಳಗೆ ಇಟ್ಟರು. ನಾನು ಹೊರಡುವಾಗ ಕೂಗಿ ಕರೆದರು. "ಮುಂದಿನ್ ವಾರ ಮೊಮ್ಮಗಳು ಬತ್ತಾಳೆ. ಅವಳ್ದೂ ಒಂದು ತೆಗಿ. ಅದು ಮಾತ್ರ ಕಲರಲ್ಲಿ ಇರ್ಲಿ."